ಹತ್ತೊಂಬತ್ತನೆಯ ಹೆಜ್ಜೆ

ಅಜ್ಜಾರಿಗೆ ಒಂದು ರೂಢಿಯಿತ್ತು. ಹೊಳೆಯ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಯುವ ಮೊದಲು ಅದನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಿದ್ದರು. ಹೇಳಿ, ತಲೆಯನ್ನು ತುಸು ಓರೆ ಮಾಡಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಬರೆಯುತ್ತಿದ್ದರು.

ಎದುರಿಗೆ ಯಾರೂ ಇರುತ್ತಿರಲಿಲ್ಲ.

ಮೇದಿನಿ ಇದನ್ನು ತನ್ನ ಕೋಣೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದಳು. ಮೆಟ್ಟಿಲುಗಳ ಬುಡದಲ್ಲಿ, ನೀರಿನೊಳಗೆ ನೆಟ್ಟ ಒಂದು ಕಬ್ಬಿಣದ ಪಟ್ಟಿ. ಅದರ ಮೇಲೆ ಸೆಂಟಿಮೀಟರಿಗೊಂದು ಗೀರು, ಹತ್ತಕ್ಕೊಂದು ಆಳವಾದ ಗೀರು. ಅಜ್ಜಾರ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆರಳಿನಿಂದ ಗೀರು ಎಣಿಸಿ ನೀರು ಎಲ್ಲಿದೆ ಎಂದು ತಿಳಿಯುತ್ತಿದ್ದರು.

ಮೊದಮೊದಲು ಅವಳು ಅದನ್ನು ಮಂತ್ರವೆಂದುಕೊಂಡಿದ್ದಳು. ನೂರಾ ಅರವತ್ತಮೂರು ಎನ್ನುವುದು ಮಂತ್ರವಲ್ಲ ಎಂದು ಹೊಳೆಯಲು ಒಂದು ವಾರ ಹಿಡಿಯಿತು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡದ ಸಂಖ್ಯೆ ಕಿವಿಗೆ ಬಿದ್ದರೆ ಮನಸ್ಸಿನಲ್ಲೇ ಒಮ್ಮೆ ಬೆರಳು ಮಡಿಸಿಕೊಳ್ಳುತ್ತಿದ್ದಳು.

ಆಶ್ರಮದಲ್ಲಿ ಇದ್ದವರು ಮೂವರೇ: ಅಜ್ಜಾರು, ಅಡುಗೆಯ ಬಾಳವ್ವ, ಮೇದಿನಿ.

ಅಲ್ಲಿಯ ಕಟ್ಟಳೆಯೂ ಒಂದೇ. ಯಾರು ಬಂದರೂ ಒಂದು ವರ್ಷ ಇರಬಹುದು. ಮುಂದೆಯೂ ಇರಬೇಕೆಂದರೆ ಅಜ್ಜಾರು ಕೊಟ್ಟ ಒಂದು ಕೆಲಸ ಮುಗಿಸಿ, ಅವರ ಬಾಯಿಂದ 'ಸರಿ' ಅನ್ನಿಸಿಕೊಳ್ಳಬೇಕು.

ಮೇದಿನಿಗೆ ಇರಬೇಕಿತ್ತು. ಹಾಸ್ಟೆಲ್ ಕೋಣೆ ಖಾಲಿ ಮಾಡಿ ಚೀಲ ಹೊತ್ತು ಹೊರಟ ದಿನ, ಎಲ್ಲಿಗೆ ಹೊರಟೆ ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಇಲ್ಲಿ ಬಾಳವ್ವ ದಿನವೂ "ಉಂಡೇನವಾ?" ಎನ್ನುತ್ತಿದ್ದಳು. ಅಷ್ಟು ಸಾಕಿತ್ತು.

ಬಂದ ನಾಲ್ಕನೆಯ ತಿಂಗಳಲ್ಲಿ ಅವಳಿಗೆ ಸಿಕ್ಕಿದ ಕೆಲಸ ಮೂವತ್ತೊಂದು ಪುಸ್ತಕ. ವರ್ಷಕ್ಕೊಂದು. ದಿನಕ್ಕೊಂದು ಸಾಲು, ಸಾಲಿಗೊಂದು ಸಂಖ್ಯೆ.

"ಇಷ್ಟು ವರ್ಷ ಬರದದ್ದಾತು," ಎಂದಿದ್ದರು ಅಜ್ಜಾರು. "ಒಂದಿನಾನೂ ತಿರುವಿ ಓದಿಲ್ಲ. ಈಗ ಓದೂಣು ಅಂದ್ರ ಕಣ್ಣಿಲ್ಲ. ಇದು ಏನ ಹೇಳತೈತಿ, ನೀ ಓದಿ ನನಗ ಹೇಳು."

ದಿನಕ್ಕೆ ಐವತ್ತು ಸಂಖ್ಯೆಯಂತೆ ಅವಳು ಕಂಪ್ಯೂಟರಿಗೆ ಹಾಕುತ್ತ ಹೋದಳು. ಏಳೂವರೆ ತಿಂಗಳಾಯಿತು. ಮೊದಲ ಹದಿನೆಂಟು ಪುಸ್ತಕಗಳ ಅಕ್ಷರ ದುಂಡಗಿತ್ತು. ಹತ್ತೊಂಬತ್ತನೆಯದರಿಂದ ಬೇರೆ ಕೈ, ಬಲಕ್ಕೆ ವಾಲಿದ ಅಕ್ಷರ. ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳು ನೋಡುವವಳು, ಕೇಳುವವಳಲ್ಲ.

ಕೊನೆಯ ಸಾಲು ಹಾಕಿದಾಗ ಅವಳ ವರ್ಷಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು.

"ಎಲ್ಲ ಹಾಕಿದೆ ಅಜ್ಜಾರೇ. ಇನ್ನು ಇದನ್ನೆಲ್ಲ ಒಟ್ಟಿಗೆ ನೋಡೋಕೆ ಒಂದು ಸಾಫ್ಟ್‌ವೇರ್ ಬೇಕು."

"ಹೆಸರೇನು ಅದರದು?"

"ಆರ್. ಇಂಗ್ಲಿಷಿನ ಆರ್."

"ಒಂದಽ ಅಕ್ಷರ?"

"ಒಂದೇ ಅಕ್ಷರ."

"ಮಂತ್ರ ಅಂದ್ರ ಹಂಗ ಇರಬೇಕು. ಯಾರು ಕೊಡತಾರ?"

"ಅದನ್ನ ಯಾರೂ ಮಾರೋದಿಲ್ಲ. ಬೇಕಾದವರು ತಗೋಬಹುದು. ಒಳಗೆ ಹೇಗೆ ಬರೆದಿದ್ದಾರೆ ಅಂತ ತೆರೆದು ನೋಡಬಹುದು. ತಪ್ಪು ಕಂಡರೆ ತಿದ್ದಿ ಕಳಿಸಬಹುದು."

"ತಿದ್ದಿದಾವರ ಹೆಸರು ಉಳೀತೈತಿ?"

"ಉಳಿಯುತ್ತೆ."

"ತಪ್ಪು ಮಾಡಿದಾವರದು?"

"ಅದೂ ಉಳಿಯುತ್ತೆ. ಹಳೆಯದನ್ನ ಅಳಿಸೋದಿಲ್ಲ, ಹಾಗೇ ಇಟ್ಟಿರ್ತಾರೆ."

ಅಜ್ಜಾರು "ಚಲೋ," ಎಂದರು.

ಆಶ್ರಮದಲ್ಲಿ ಸಿಗ್ನಲ್ ಬರುತ್ತಿದ್ದುದು ಒಂದೇ ಕಡೆ, ಹೊಳೆಯ ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದರಲ್ಲಿ. ಮೇದಿನಿ ಅಲ್ಲಿ ಕೂತು ಡೌನ್‌ಲೋಡಿಗೆ ಹಚ್ಚಿದಳು. ಅದು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ಅರ್ಧಕ್ಕೆ ನಿಂತಿತು.

ಬಾಳವ್ವ ಪಾತ್ರೆ ತೊಳೆಯಲು ಬಂದವಳು ನೋಡಿ ನಿಂತಳು.

"ಮೂರು ದಿನ ಆತು, ಅದೇನ ಇಳಸಾಕತ್ತಿ? ಒಂದು ಗಾಡಿ ಜ್ವಾಳದ ಕಣಕಿ ಇಳಸೂದಿದ್ರೂ ಇಷ್ಟೊತ್ತಿಗೆ ಮುಗೀತಿತ್ತು."

"ಅರ್ಧಕ್ಕೆ ನಿಂತುಬಿಡುತ್ತೆ ಬಾಳವ್ವ."

"ನಿನ್ನ ಮಾತಿನಂಗ," ಎಂದು ಬಾಳವ್ವ ಬೂದಿ ಉದುರಿಸಿ ತಿಕ್ಕತೊಡಗಿದಳು.

ಸಂಜೆ ಅಜ್ಜಾರು ಕೇಳಿದರು: "ಎಲ್ಲಿಂದ ಬರತೈತಿ ಅದು?"

"ಲೋಕದ ಬೇರೆ ಬೇರೆ ಊರುಗಳಲ್ಲಿ ಅದರ ಪ್ರತಿ ಇಟ್ಟಿದ್ದಾರೆ. ಯಾವ ಊರಿಂದ ಬೇಕು ಅಂತ ನಾವು ಆರಿಸಬೇಕು."

"ಎಲ್ಲಾ ಕಡೆ ಇರೂದು ಒಂದಽನೋ, ಬ್ಯಾರೆ ಬ್ಯಾರೇನೋ?"

"ಒಂದೇ."

"ನೀ ಯಾವ ಊರು ಆರಿಸಿದಿ?"

ಮೇದಿನಿ ಪಟ್ಟಿಯನ್ನು ಮತ್ತೆ ತೆರೆದು ನೋಡಿದಳು. ಮೊದಲ ಹೆಸರನ್ನೇ ಒತ್ತಿದ್ದಳು. ಅದು ಎರಡು ಸಮುದ್ರಗಳ ಆಚೆಯ ಊರು.

"ದೂರದ್ದು," ಎಂದಳು ಮೆಲ್ಲಗೆ.

ಅಜ್ಜಾರು ನಕ್ಕರು. ಅವಳು ಹತ್ತಿರದ್ದನ್ನು ಹುಡುಕಿ ಒತ್ತಿದಳು. ಬಾಳವ್ವ ದೀಪ ಹಚ್ಚುವುದರೊಳಗೆ ಇಳಿದು ಮುಗಿದಿತ್ತು.

ಮರುದಿನ ಮುಂಜಾನೆ ಜಗಲಿಯಲ್ಲಿ ಅದನ್ನು ಮೊದಲ ಸಲ ತೆರೆದಳು. ಅಜ್ಜಾರು ಪಕ್ಕದಲ್ಲಿ ಕೂತು ಕಿವಿಗೊಟ್ಟರು.

"ಏನ ಅಂತೈತಿ?"

"ಇದಕ್ಕೆ ಯಾವ ಖಾತರಿಯೂ ಇಲ್ಲ ಅಂತ ಬರೆದಿದೆ."

"ಬಾಗಲದಾಗಽ?"

"ಹೂಂ. ಮೊದಲ ಸಾಲುಗಳಲ್ಲೇ."

"ನನ್ನ ಪುಸ್ತಕಕ್ಕೂ ಇಲ್ಲ. ನಾ ನಿನಗ ಹೇಳಿರಲಿಲ್ಲ ನೋಡು," ಎಂದರು ಅಜ್ಜಾರು. "ಹೇಳಬೇಕಿತ್ತು. ಈಗ ಏನ ಮಾಡಾಕತ್ತೈತಿ?"

"ಒಂದು ಬಾಣದ ಮೊನೆ ಥರ ಗುರುತು. ಅದರ ಪಕ್ಕ ಒಂದು ಗೆರೆ ಮಿಣುಕ್ತಾ ಇದೆ. ನಾನು ಕೇಳೋತನಕ ಅದು ಸುಮ್ಮನಿರುತ್ತೆ."

"ಕೇಳದಿದ್ರ?"

"ಸುಮ್ಮನೇ ಇರುತ್ತೆ."

"ಇಬ್ಬರಿಗೂ ಚಲೋ ಜೋಡಿ ಬಿಡು," ಎಂದು ಒಳಗಿನಿಂದ ಬಾಳವ್ವನ ದನಿ ಬಂತು.

ಮೇದಿನಿ ಮೊದಲ ಪ್ರಶ್ನೆ ಬರೆದಳು. ಉತ್ತರ ಬರಲಿಲ್ಲ. ಕೆಳಗಿನ ಸಾಲಿನಲ್ಲಿ ಒಂದು ಕೂಡುವ ಚಿಹ್ನೆ ಬಂತು. ಮತ್ತೆ ಒತ್ತಿದಳು. ಇನ್ನೊಂದು ಬಂತು. ಒಂದರ ಕೆಳಗೊಂದು ಹನ್ನೆರಡು ಚಿಹ್ನೆ ಸಾಲಾಗಿ ನಿಂತವು.

"ಕೆಟ್ಟುಹೋಯಿತು ಅನಿಸುತ್ತೆ."

"ನೀ ಕೇಳೂದು ಮುಗಿಸಿದಿಯೇನು?"

ಅವಳು ನೋಡಿದಳು. ಆವರಣ ಚಿಹ್ನೆಯನ್ನು ತೆರೆದಿದ್ದಳು, ಮುಚ್ಚಿರಲಿಲ್ಲ. ಅದು ಕೆಟ್ಟಿರಲಿಲ್ಲ, ಅವಳು ಮುಗಿಸಲಿ ಎಂದು ಕಾಯುತ್ತಿತ್ತು. ಮುಚ್ಚಿದಳು. ಉತ್ತರ ಬಂತು.

"ಮೂವತ್ತೊಂದು ವರ್ಷದ ಸರಾಸರಿ ನೂರಾ ತೊಂಬತ್ತೆಂಟು," ಎಂದಳು. ದನಿಯಲ್ಲಿ ತುಸು ಹಿಗ್ಗಿತ್ತು. "ಇಷ್ಟು ಸಾಕಾ ಅಜ್ಜಾರೇ?"

"ಅದು ಹೊಳೀ ಮಾತು. ಬರದಾವನ ಮಾತು ಮೊದಲ ಕೇಳು."

"ಅದನ್ನ ಹೇಗೆ ಕೇಳೋದು?"

"ಎಲ್ಲಾ ಸಂಖ್ಯೆದೂ ಕೊನೀ ಅಂಕಿ ಎಷ್ಟೆಷ್ಟು ಸಲ ಬಂದೈತಿ ಎಣಸು. ಹೊಳಿಗೆ ಇಂಥಾ ಅಂಕಿಯಽ ಬೇಕು ಅಂತ ಇರೂದಿಲ್ಲ. ಮನಷ್ಯಾಗ ಇರತೈತಿ."

ಹಾಗೆಂದು ಅವರು ಎದ್ದು ಒಳಗೆ ಹೋದರು.

ಆ ಒಂದು ಸಾಲು ಬರೆಯಲು ಕಲಿಯುವುದಕ್ಕೆ ಮೇದಿನಿಗೆ ಐದು ದಿನ ಬೇಕಾಯಿತು. ವರ್ಷಕ್ಕೊಂದು ಚಿತ್ರ ತೆಗೆಸಿದಳು. ಪ್ರತಿ ಚಿತ್ರದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಕಂಬ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ಒಂದು, ಎರಡು, ಮೂರು, ವರ್ಷದ ಮೇಲೆ ವರ್ಷ ಅದೇ ಹತ್ತು ಕಂಬ.

ಹತ್ತೊಂಬತ್ತನೆಯ ವರ್ಷದಲ್ಲಿ ಕಂಬ ಎರಡೇ ಇದ್ದವು.

ಸೊನ್ನೆಯದೊಂದು. ಐದರದೊಂದು. ನಡುವೆ ಬಯಲು.

ಆ ವರ್ಷ ಒಂದು ದಿನವೂ ನೀರು ನೂರಾ ನಲವತ್ತಮೂರಕ್ಕೆ ಬಂದಿರಲಿಲ್ಲ, ನೂರಾ ನಲವತ್ತೇಳಕ್ಕೆ ಬಂದಿರಲಿಲ್ಲ. ನೂರಾ ನಲವತ್ತು, ನೂರಾ ನಲವತ್ತೈದು, ನೂರಾ ಐವತ್ತು. ಅವಳು ಪುಸ್ತಕ ತೆಗೆದು ನೋಡಿದಳು. ತಾನು ತಪ್ಪಾಗಿ ಹಾಕಿರಲಿಲ್ಲ. ಬಲಕ್ಕೆ ವಾಲಿದ ಅಕ್ಷರದಲ್ಲಿ ಹಾಗೇ ಇತ್ತು, ಮುನ್ನೂರ ಅರವತ್ತೈದು ದಿನ.

ಆ ವರ್ಷ ಯಾರೂ ಮೆಟ್ಟಿಲು ಇಳಿದಿರಲಿಲ್ಲ. ಮೇಲೆ ನಿಂತು ನೋಡಿ, ಇಷ್ಟಿರಬಹುದು ಎಂದು ಬರೆದಿದ್ದರು.

ಮಧ್ಯಾಹ್ನ ಬಾಳವ್ವನ ಜೊತೆ ಕೂತು ಸೊಪ್ಪು ಬಿಡಿಸುವಾಗ ಮೇದಿನಿ ಕೇಳಿದಳು. ವರ್ಷವಿಡೀ ಕೇಳದಿದ್ದುದನ್ನು ಕೇಳಿದಳು.

"ಮೊದಲ ಪುಸ್ತಕಗಳ ಅಕ್ಷರ ಯಾರದು?"

"ಈರಭದ್ರಪ್ಪಂದು. ಅಜ್ಜಾರ ಜೋಡಿ ಬಂದಾವ್ರು. ಇಬ್ಬರೂ ಕೂಡೇ ಈ ಜಾಗಾ ಮಾಡಿದ್ದು. ಮುಂಜಾನೆದ್ದು ಅಜ್ಜಾರು ಕೆಳಗ ನೀರಾಗ ನಿಂತು ಸಂಖ್ಯೆ ಕೂಗಾವ್ರು. ಈರಭದ್ರಪ್ಪ ಮ್ಯಾಲಿನ ಮೆಟ್ಟಲಕ್ಕ ಪುಸ್ತಕ ಹಿಡಕೊಂಡು ನಿಂತು, ಅದನ್ನ ತಿರುಗಿ ಹೇಳಿ, ಆಮ್ಯಾಲೆ ಬರಿಯಾವ್ರು. ಒಂದು ಅಂದದ್ದು ಇನ್ನೊಂದು ಕೇಳಬಾರದಲ್ಲ, ಅದಕ್ಕ."

"ಆಮೇಲೆ?"

"ಆಮ್ಯಾಲೆ ಏನವಾ, ಜ್ವರ ಬಂತು. ಮೂರು ದಿನಕ್ಕ ಮುಗೀತು."

ಬಾಳವ್ವ ಹುಳ ಹಿಡಿದ ಎಲೆಯೊಂದನ್ನು ಪಕ್ಕಕ್ಕಿಟ್ಟಳು.

"ಅವರಿಬ್ಬರ ದನಿ ಕೇಳಿದ ಮ್ಯಾಲೆ ನಾ ಒಲಿ ಹಚ್ಚತಿದ್ದೆ. ಈಗ ಗಡಿಯಾರ ನೋಡಿ ಹಚ್ಚತೀನಿ."

ಮೇದಿನಿ ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಅಜ್ಜಾರ ಹೆಸರಿಗೆ ಒಂದು ಕಪ್ಪು ಚುಕ್ಕೆ. ಅದನ್ನು ನೋಡಿದವಳು ಲೋಕದಲ್ಲಿ ತಾನೊಬ್ಬಳೇ. ಹೇಗೆ ಹೇಳುವುದು? ಹೇಳಿದರೆ ಅವರಿಗೆ ನೋವು. ಇನ್ನೊಂದು ಯೋಚನೆಯೂ ಬಂತು, ಅದನ್ನು ಅವಳು ತನ್ನಿಂದಲೂ ಸ್ವಲ್ಪ ಮರೆಮಾಡಿಕೊಂಡಳು: ಗುರುವಿನ ಸುಳ್ಳನ್ನು ಹಿಡಿದು ತೋರಿಸಿದವಳಿಗೆ ಯಾವ ಗುರು ತಾನೇ 'ಸರಿ' ಅಂದಾನು?

ಅವಳು ಆ ವರ್ಷದ ಸಂಖ್ಯೆಗಳನ್ನೆಲ್ಲ ತೆಗೆದುಹಾಕಿದಳು. ಆ ಜಾಗದಲ್ಲಿ, ದಿನದಿನಕ್ಕೂ, ಹಿಂದಿನ ವರ್ಷ ಮತ್ತು ಮುಂದಿನ ವರ್ಷದ ಸರಾಸರಿಯನ್ನು ತುಂಬಿದಳು. ಮತ್ತೆ ಚಿತ್ರ ತೆಗೆಸಿದಳು. ಹತ್ತು ಕಂಬ ಎದ್ದು ನಿಂತವು. ಮೂವತ್ತೊಂದು ವರ್ಷದ ಗೆರೆ ಎಲ್ಲೂ ಮುರಿಯದೆ ಹರಿಯಿತು. ನೋಡಲು ಚೆನ್ನಾಗಿತ್ತು.

"ಮುಗಿಯಿತು ಅಜ್ಜಾರೇ," ಎಂದಳು. "ವರ್ಷವರ್ಷದ ಮಟ್ಟ ಒಂದು ಗೆರೆಯಲ್ಲಿ ಬಂದಿದೆ."

"ಪಡದೇದ ಮ್ಯಾಲಿನ ಗೆರಿ ನನಗೆಲ್ಲಿ ಕಾಣಬೇಕು. ಬಾ, ಉಸುಕಿನ್ಯಾಗ ತೆಗಿ. ವರ್ಷಕ್ಕೊಂದು ಹೆಜ್ಜಿ ಬಿಡು."

ಹೊಳೆಯ ದಂಡೆಯ ಮರಳಿನಲ್ಲಿ ಮೇದಿನಿ ಕೋಲಿನಿಂದ ಗೆರೆ ತೆಗೆದಳು. ನೀರು ಹೆಚ್ಚಿದ ವರ್ಷ ಗೆರೆ ಹೊಳೆಯ ಕಡೆ ವಾಲಿತು, ಕಡಿಮೆಯಾದ ವರ್ಷ ದಂಡೆಯ ಕಡೆ. ಮೂವತ್ತೊಂದು ಹೆಜ್ಜೆ ಉದ್ದ, ಬೆರಳಿನಷ್ಟು ಆಳ.

ಅಜ್ಜಾರು ಬರಿಗಾಲಲ್ಲಿ ಗೆರೆಯ ಮೇಲೆ ನಿಂತರು. ಕಾಲ್ಬೆರಳಿನಿಂದ ಅದರ ಜಾಡು ಹಿಡಿದು ನಡೆಯತೊಡಗಿದರು.

"ಒಂದು. ಎರಡು. ಮೂರನೇದ್ದು ಭಾಳ ಮಳಿ, ಹೌದು. ನಾಕು."

ಏಳನೆಯ ಹೆಜ್ಜೆಯಲ್ಲಿ ನಕ್ಕರು. "ಈ ವರ್ಷ ಈರಭದ್ರ ಪುಸ್ತಕ ನೀರಾಗ ಬೀಳಿಸಿದ್ದ. ಹಾರಿ ತಂದ. ಈಜು ಬರತಿರಲಿಲ್ಲ ಅವಗ."

ಹದಿನಾರು. ಹದಿನೇಳು. ಹದಿನೆಂಟು.

ಹತ್ತೊಂಬತ್ತನೆಯ ಹೆಜ್ಜೆಯಲ್ಲಿ ನಿಂತರು. ಕಾಲಿನಿಂದ ಮರಳನ್ನು ಸವರಿದರು. ಒಮ್ಮೆ ಆಚೆ, ಒಮ್ಮೆ ಈಚೆ.

"ಇಲ್ಲಿ ಗೆರಿ ಹ್ಯಾಂಗ ಬಂತು?"

ಮೇದಿನಿ ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು.

"ಕೊನೀ ಅಂಕಿ ಎಣಿಸಿದಿ?"

"ಎಣಿಸಿದೆ."

"ಕಂಡಿತ್ತು?"

"ಕಂಡಿತ್ತು."

"ಹಂಗಾದ್ರ ಇಲ್ಲಿ ಹರಿಯೂ ನೀರು ಯಾರದು, ತಂಗಿ? ಹೊಳಿ ಹರಸಿದ್ದಲ್ಲ. ನಾ ಅಳದದ್ದೂ ಅಲ್ಲ."

"ಆಚೀಚೆಯ ವರ್ಷಗಳ ಸರಾಸರಿ ತುಂಬಿದೆ," ಎಂದಳು. "ನಿಮ್ಮ ಹೆಸರಿಗೆ..."

ಮಾತು ಅರ್ಧಕ್ಕೆ ನಿಂತಿತು.

ಅಜ್ಜಾರು ಅಲ್ಲೇ ಮರಳಿನಲ್ಲಿ ಕೂತರು. ಅಂಗೈಯಿಂದ ಹತ್ತೊಂಬತ್ತನೆಯ ಹೆಜ್ಜೆಯ ಗೆರೆಯನ್ನು ನಿಧಾನವಾಗಿ ಅಳಿಸಿದರು. ಮರಳು ಸಪಾಟಾಗುವವರೆಗೆ ಸವರಿದರು.

"ಆ ವರ್ಷ ನಾ ಕೆಳಗ ಇಳೀಲಿಲ್ಲ. ಕೂಗಿದ್ರ ಕೇಳಾವರು ಯಾರು ಅಂತ ಮ್ಯಾಲಽ ಕುಂತು ಬರದೆ. ಆಮ್ಯಾಲೆ ಇಳದೆ. ಆದ್ರ ಆ ವರ್ಷ ಹಂಗಽ ಉಳೀತು. ಯಾರರೆ ಒಬ್ಬರು ಓದತಾರ, ಕಂಡು ಹಿಡೀತಾರ ಅಂತ ಹನ್ನೆರಡು ವರ್ಷ ಕಾದೆ."

ಕೈಗೆ ಹತ್ತಿದ ಮರಳನ್ನು ಕೊಡವಿದರು.

"ನೀ ಕಂಡು ಹಿಡದಿ. ಹಿಡದು ಮುಚ್ಚಿಟ್ಟಿ. ಮತ್ತ ನಾ ಒಬ್ಬಾವನಽ ಆದೆ."

ಹೊಳೆಯ ಮೇಲೆ ಕೊಕ್ಕರೆಯೊಂದು ಹಾರಿ ಹೋಯಿತು. ಅವರು ಎದ್ದು ಉಳಿದ ಹನ್ನೆರಡು ಹೆಜ್ಜೆ ನಡೆಯಲಿಲ್ಲ. ಮೆಟ್ಟಿಲು ಹತ್ತಿ ಹೋದರು.

ಮೇದಿನಿ ತಾನು ತುಂಬಿದ್ದನ್ನೆಲ್ಲ ತೆಗೆದಳು. ಆ ವರ್ಷದ ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆ ಬೇರೆ ಕಡೆ ಇಟ್ಟು, ಅದಕ್ಕೆ 'ಅಂದಾಜು' ಎಂದು ಹೆಸರು ಕೊಟ್ಟಳು. ಅದರ ಜಾಗದಲ್ಲಿ, ಮುನ್ನೂರ ಅರವತ್ತೈದು ದಿನಕ್ಕೂ, 'ಗೊತ್ತಿಲ್ಲ' ಎನ್ನುವ ಗುರುತು ಹಾಕಿದಳು. ಆ ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ಒಂದು ಗುರುತಿತ್ತು. ಒಂದೊಂದನ್ನೂ ಕೈಯಾರೆ ಹಾಕಿದಳು. ಒಂದೇ ಸಾಲಿನಲ್ಲಿ ಮುಗಿಯುವ ಕೆಲಸವೆಂದು ಅವಳಿಗೆ ಗೊತ್ತಿತ್ತು.

ಸಂಜೆ ಜಗಲಿಗೆ ಬಂದಳು.

"ಈಗ ಸರಾಸರಿ ಕೇಳಿದರೆ ಅದು ಏನೂ ಹೇಳ್ತಿಲ್ಲ ಅಜ್ಜಾರೇ."

"ಯಾಕ?"

"ಒಂದು ದಿನ ಗೊತ್ತಿಲ್ಲ ಅಂದರೂ ಒಟ್ಟೂ ಗೊತ್ತಿಲ್ಲ ಅನ್ನುತ್ತೆ. ಗೊತ್ತಿಲ್ಲದ್ದನ್ನ ಬಿಟ್ಟು ಎಣಿಸು ಅಂತ ನಾವೇ ಹೇಳಬೇಕು. ತಾನಾಗಿ ಬಿಡೋದಿಲ್ಲ."

"ಬಿಟ್ಟದ್ದನ್ನ ಬಾಯಿಬಿಟ್ಟು ಹೇಳಬೇಕು."

"ಹೂಂ."

"ಹೇಳಿದಿ?"

"ಹೇಳಿದೆ. ಮೂವತ್ತು ವರ್ಷದ ಸರಾಸರಿ. ಹತ್ತೊಂಬತ್ತನೆಯದು ಗೊತ್ತಿಲ್ಲ, ಆ ವರ್ಷ ಅಳೆದಿಲ್ಲ. ಹಾಗೇ ಬರೆದಿದ್ದೇನೆ."

ಅಜ್ಜಾರು ತಲೆಯಾಡಿಸಿದರು. ಅದು ಹೌದೆಂದೋ, ಕೇಳಿಸಿತೆಂದಷ್ಟೋ, ಅವಳಿಗೆ ತಿಳಿಯಲಿಲ್ಲ.

"ಅಜ್ಜಾರೇ, ನಾಳೆಗೆ ನಾನು ಬಂದು ಒಂದು ವರ್ಷ."

"ಹೌದೇನು."

"ಕೆಲಸ..."

ಅವರು ಕಾದರು. ಅವಳು ಮುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಾಳವ್ವ ಊಟಕ್ಕೆ ಕರೆದಳು. ಅಜ್ಜಾರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. 'ಸರಿ' ಎನ್ನಲಿಲ್ಲ.

ಮುಂಜಾನೆ ಮೇದಿನಿ ಚೀಲ ಕಟ್ಟಿದಳು. ಬಂದಾಗ ಇದ್ದಷ್ಟೇ ಭಾರವಿತ್ತು. ಬಸ್ಸಿಗೆ ಹೋಗುವ ದಾರಿ ಹೊಳೆಯ ಮೆಟ್ಟಿಲುಗಳ ತಲೆಯ ಮೇಲೇ ಹಾದುಹೋಗುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ನಡೆದಳು.

ಮೇಲಿನ ಮೆಟ್ಟಿಲಿಗೆ ಬಂದು ನಿಂತಳು.

ಅಲ್ಲಿ ಮೂವತ್ತೆರಡನೆಯ ಪುಸ್ತಕವಿತ್ತು. ತೆರೆದಿತ್ತು. ಹಾಳೆ ಹಾರದಂತೆ ಅದರ ಮೇಲೆ ಪೆನ್ನು ಇಟ್ಟಿತ್ತು. ಅಜ್ಜಾರು ದಿನವೂ ಅದನ್ನು ಕಂಕುಳಲ್ಲಿ ಹಿಡಿದು ಕೆಳಗೆ ಒಯ್ಯುತ್ತಿದ್ದರು. ಇವತ್ತು ಒಯ್ದಿರಲಿಲ್ಲ.

ಅಜ್ಜಾರು ಕೆಳಗೆ, ಮುಳುಗಿದ ಮೆಟ್ಟಿಲೊಂದರ ಮೇಲೆ ಮೊಣಕಾಲುದ್ದ ನೀರಿನಲ್ಲಿ, ಪಟ್ಟಿಗೆ ಬೆರಳು ಹಚ್ಚಿ ಬಗ್ಗಿದ್ದರು. ಆಳವಾದ ಗೀರಿನಿಂದ ಒಂದೊಂದಾಗಿ ಕೆಳಗಿಳಿದರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನೆಟ್ಟಗೆ ನಿಂತರು.

"ನೂರಾ ಎಂಬತ್ತೇಳು."

ತಲೆಯನ್ನು ತುಸು ಓರೆ ಮಾಡಿದರು. ಒಂದು ಉಸಿರು ಕಳೆಯಿತು. ಇನ್ನೊಂದು ಕಳೆಯಿತು. ಅವರು ಹಿಂತಿರುಗಿ ನೋಡಲಿಲ್ಲ. ನೋಡಿದರೂ ಅವರಿಗೆ ಕಾಣುವಂತಿರಲಿಲ್ಲ.

ಮೇದಿನಿಯ ಚೀಲ ಹೆಗಲ ಮೇಲೇ ಇತ್ತು. ಅವಳು ಮನಸ್ಸಿನಲ್ಲೇ ಬೆರಳು ಮಡಿಸಿದಳು.

ಅಜ್ಜಾರು ನೀರಿನ ಕಡೆಗೇ ಮುಖ ಮಾಡಿ, ಮೆಲ್ಲಗೆ ಹೇಳಿದರು:

"ಮ್ಯಾಲೆ ಯಾರರೆ ಇದ್ರ, ಅದನ್ನ ಒಂದು ಸಲ ತಿರುಗಿ ಹೇಳ್ರಿ."